ಶಿಶುವಿಹಾರದ ಅಣ್ಣ

ಶಿಶುವಿಹಾರದ ಕುರ್ಚಿ ನೆಲದಿಂದ ಹನ್ನೊಂದು ಅಂಗುಲ ಎತ್ತರ. ನಾನು ಅಳೆದಿದ್ದೇನೆ. ನಾಲ್ಕು ವರ್ಷದ ಮಕ್ಕಳಿಗೆಂದು ಮಾಡಿದ ಆ ಕುರ್ಚಿಗಳ ಮೇಲೆ ಪ್ರತಿ ಮಂಗಳವಾರ ಮತ್ತು ಶನಿವಾರ ಸಂಜೆ ಆರೂವರೆಯಿಂದ ಏಳೂವರೆಯವರೆಗೆ ಹತ್ತು ಹನ್ನೆರಡು ಗಂಡಸರು ಮಂಡಿಯನ್ನು ಎದೆಗೆ ಒತ್ತಿಕೊಂಡು ಕೂರುತ್ತಾರೆ. ಒಬ್ಬರಾದ ಮೇಲೆ ಒಬ್ಬರು ತಮ್ಮ ಹೆಸರು ಹೇಳಿ, ತಾನೊಬ್ಬ ಕುಡುಕ ಎಂದು ಹೇಳಿ, ಇವತ್ತು ಕುಡಿದಿಲ್ಲ ಎಂದು ಹೇಳಿ ಮಾತು ಶುರು ಮಾಡುತ್ತಾರೆ. ಪೀಣ್ಯದ ಕಾರ್ಖಾನೆಗಳ ನಡುವೆ ಇಂಥದೊಂದು ಕೋಣೆ ಇದೆಯೆಂದು ಅದರ ಪಕ್ಕದ ರಸ್ತೆಯಲ್ಲಿ ಮೂರು ವರ್ಷ ಓಡಾಡಿದ ನನಗೂ ಗೊತ್ತಿರಲಿಲ್ಲ.

ಆ ಕುರ್ಚಿಗಳನ್ನು ದುಂಡಗೆ ಜೋಡಿಸುತ್ತಿದ್ದವರು ಈ ಫೆಬ್ರವರಿ ಆರರಂದು ತೀರಿಕೊಂಡರು. ಕೋಣೆಯಲ್ಲಿ ಕೇಳಿದ ಹೆಸರನ್ನು ಹೊರಗೆ ತರಬಾರದು ಎನ್ನುವುದು ನಮ್ಮ ನಿಯಮ. ಸತ್ತವರಿಗೂ ಅದು ಅನ್ವಯಿಸುತ್ತದೆಯೇ ಎಂದು ಹಳಬರನ್ನು ಕೇಳಿದೆ. ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಆದ್ದರಿಂದ ನಾನು ಕರೆಯುತ್ತಿದ್ದಂತೆ ಅಣ್ಣ ಎಂದೇ ಬರೆಯುತ್ತೇನೆ.

ನಾನು ಅಲ್ಲಿಗೆ ಹೋದದ್ದು ೧೯೯೪ರಲ್ಲಿ. ನನ್ನದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಕೆಲಸ. ಎಂದರೆ ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಸರಿ ಅಥವಾ ತಪ್ಪು ಎಂದು ಬರೆಯುವುದು. ಊರು ದಾವಣಗೆರೆ. ಲಿಂಗಪೂಜೆ ಆಗದೆ ತೊಟ್ಟು ನೀರು ಬಾಯಿಗೆ ಹಾಕದ ಮನೆ. ಆ ಮನೆಯಿಂದ ಬಂದ ನಾನು ಇಪ್ಪತ್ತಾರನೆಯ ವಯಸ್ಸಿಗೆ ಬೆಳಗಿನ ಪಾಳಿಗೆ ಮುಂಚೆಯೇ ಒಂದು ಪ್ಯಾಕೆಟ್ ಸಾರಾಯಿ ಹೀರದೆ ಕೈ ನಿಲ್ಲದ ಸ್ಥಿತಿಗೆ ತಲುಪಿದ್ದೆ. ಮೈಕ್ರೋಮೀಟರ್ ಹಿಡಿದ ಕೈ ನಡುಗಿ, ಸರಿಯಿದ್ದ ಒಂದು ಪೆಟ್ಟಿಗೆ ಮಾಲನ್ನು ತಪ್ಪು ಎಂದು ಬರೆದು ವಾಪಸು ಕಳಿಸಿದ ದಿನ ಎಚ್ಚರಿಕೆ ಪತ್ರ ಕೈಗೆ ಬಂತು. ಅದೇ ವಾರ ಕಾರ್ಮಿಕರ ದವಾಖಾನೆಯಲ್ಲಿ ಸರದಿಗೆ ಕಾಯುತ್ತಿದ್ದಾಗ, ಗೋಡೆಯ ಮೇಲೆ ಕೈಯಲ್ಲಿ ಬರೆದು ಅಂಟಿಸಿದ ಚೀಟಿ ಕಂಡಿತು. ಕುಡಿತ ಬಿಡಬೇಕೆನ್ನುವವರು ಬರಬಹುದು, ದಿನ ಇಂಥದ್ದು, ಗಂಟೆ ಇಂಥದ್ದು, ಶಿಶುವಿಹಾರದ ಹಿಂದಿನ ಕೋಣೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಡೈರಿಯಲ್ಲಿ ಬರೆದುಕೊಂಡೆ.

ಡೈರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಿಂದ ಇದೆ. ಕುಡಿಯುತ್ತಿದ್ದ ದಿನಗಳಲ್ಲೂ ಅದನ್ನು ಬಿಟ್ಟಿರಲಿಲ್ಲ. ಆ ತಿಂಗಳ ಪುಟದಲ್ಲಿ ಹೀಗಿದೆ: ಜೂನ್ ೭, ಗೇಟಿನ ತನಕ. ಜೂನ್ ೧೧, ಗೇಟಿನ ತನಕ. ಜೂನ್ ೧೪, ಒಳಗೆ, ತಪ್ಪು ಕೋಣೆ.

ತಪ್ಪು ಕೋಣೆ ಎಂದರೆ ಹೊಲಿಗೆ ತರಗತಿ. ಎಂಟು ಹೊಲಿಗೆ ಯಂತ್ರಗಳು ಒಟ್ಟಿಗೆ ನಿಂತವು. "ಏನ್ ಬೇಕಾಗಿತ್ತಣ್ಣ? ಬ್ಲೌಸ್ ಅಳತೆ ತಂದಿದ್ದೀರಾ?" ಎಂದು ಒಬ್ಬ ಹೆಣ್ಣುಮಗಳು ಕೇಳಿದಳು. ಉಳಿದವರು ನಕ್ಕರು. ನಾನು ಬಸ್‌ಸ್ಟಾಪಿನವರೆಗೆ ಓಡಿದಂತೆಯೇ ನಡೆದೆ.

ಜೂನ್ ೨೧, ಮಂಗಳವಾರ, ಸರಿಯಾದ ಕೋಣೆ. ಒಳಗೆ ಒಬ್ಬರೇ ಇದ್ದರು. ಕುಳ್ಳ ದೇಹ, ಅಗಲ ಭುಜ, ಐವತ್ತರ ಆಸುಪಾಸು. ಎರಡೂ ಕೈಯಲ್ಲಿ ಎರಡೆರಡು ಪುಟ್ಟ ಕುರ್ಚಿ ಹಿಡಿದುಕೊಂಡು ನನ್ನನ್ನು ನೋಡಿದರು. ಹೆಸರು ಕೇಳಲಿಲ್ಲ. ಯಾಕೆ ಬಂದಿರಿ ಎಂದೂ ಕೇಳಲಿಲ್ಲ.

"ಬನ್ನಿ. ಆ ಕಡೀಕೆ ಐದು ಕುರ್ಚಿ ಆಕಿ. ಕಾಲು ಅಲ್ಲಾಡೋದು ಗೋಡೆ ಪಕ್ಕ. ಅದು ನಂದು."

ನಾನು ಹಾಕಿದೆ. ಕೈ ನಡುಗಿ ಕುರ್ಚಿಯ ಕಾಲುಗಳು ನೆಲಕ್ಕೆ ಟಕಟಕ ಬಡಿದವು. ಅವರು ಅದನ್ನು ಕೇಳಿಸಿಕೊಳ್ಳದವರಂತೆ, "ಓದ ವಾರ ಬ್ಲೌಸ್ ಒಲಿಸಕ್ಕೆ ಬಂದಿದ್ದೋರು ನೀವೇಯಾ?" ಎಂದರು. ಮೂರು ತಿಂಗಳಲ್ಲಿ ನಾನು ನಕ್ಕದ್ದು ಅದೇ ಮೊದಲು.

ಆಮೇಲೆ ಎಲ್ಲರೂ ಬಂದು ಕೂತಾಗ ಚಹಾ ಕೊಟ್ಟರು. ಉಳಿದವರ ಲೋಟ ತುಂಬಿತ್ತು, ನನ್ನದು ಅರ್ಧ. ಹೊಸಬನೆಂದು ತಾತ್ಸಾರವೇನೋ ಎಂದುಕೊಂಡೆ. ಕುಡಿಯಲು ಎತ್ತಿದಾಗ ಅರ್ಥವಾಯಿತು. ತುಂಬಿದ ಲೋಟವಾಗಿದ್ದರೆ ಷರ್ಟಿನ ಮೇಲೆ ಇರುತ್ತಿತ್ತು. ಹೊಸಬರಿಗೆಲ್ಲ ಅವರು ಅರ್ಧವನ್ನೇ ಕೊಡುತ್ತಿದ್ದರು. ಕೈ ನಿಂತ ಮೇಲೆ ಒಂದು ಸಂಜೆ ಏನೂ ಹೇಳದೆ ತುಂಬಿ ಕೊಡುತ್ತಿದ್ದರು. ನನ್ನ ಲೋಟ ತುಂಬಿದ್ದು ಹನ್ನೊಂದನೆಯ ಸಭೆಯಲ್ಲಿ.

ಅಣ್ಣ ಚೊಕ್ಕಸಂದ್ರದವರು. ಅವರ ಅಜ್ಜಿ ಅವರೆಕಾಯಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಹೀಟ್ ಟ್ರೀಟ್‌ಮೆಂಟ್ ಷೆಡ್ಡು ಇದೆ. ಉಕ್ಕಿನ ಭಾಗಗಳನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವ ಕುಲುಮೆ. ಆ ಕುಲುಮೆಯ ಬಾಯಲ್ಲಿ ಅಣ್ಣ ಇಪ್ಪತ್ತೆರಡು ವರ್ಷ ಕೆಲಸ ಮಾಡಿದರು. ಅವರಿಗೆ ರೆಪ್ಪೆಯ ಕೂದಲು ಇರಲಿಲ್ಲ, ಸುಟ್ಟು ಹೋಗಿದ್ದವು. ಶಾಖ ಅಳೆಯುವ ಮೀಟರ್ ಕೆಟ್ಟರೆ ಷೆಡ್ಡಿನವರು ರಿಪೇರಿಯವನನ್ನು ಕರೆಯುವ ಮೊದಲು ಇವರನ್ನು ಕರೆಯುತ್ತಿದ್ದರಂತೆ. ಇವರು ಉಕ್ಕಿನ ಬಣ್ಣ ನೋಡಿ, "ಇನ್ನಷ್ಟು ಬುಡು," "ಸಾಕು ತೆಗಿ" ಎನ್ನುತ್ತಿದ್ದರು. ಕೋಣೆಯಲ್ಲಿ ಯಾರಾದರೂ ಮಾತಾಡುತ್ತ ಅಳಲು ಶುರು ಮಾಡಿದರೆ ಅಣ್ಣ ಅಂಗೈಯನ್ನು ಮುಖದ ಮುಂದೆ ಅಡ್ಡ ಹಿಡಿಯುತ್ತಿದ್ದರು. ಮೊದಲು ಅದು ಬೇಸರದ ಸನ್ನೆ ಎಂದು ತಿಳಿದಿದ್ದೆ. ಕುಲುಮೆಯ ಬಾಗಿಲು ತೆಗೆದಾಗ ಝಳಕ್ಕೆ ಕೈ ಹಾಗೆ ಏಳುತ್ತದೆ ಎಂದು ಆಮೇಲೆ ತಿಳಿಯಿತು.

ಉಪದೇಶ ಮಾಡುವ ಅಭ್ಯಾಸ ಅವರಿಗಿರಲಿಲ್ಲ. "ಬಿಟ್‌ಬಿಡಿ" ಎಂದು ಅವರು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ತಡೆಯಲಾಗುತ್ತಿಲ್ಲ, ಇವತ್ತು ಕುಡಿದೇ ಬಿಡುತ್ತೇನೆ ಎಂದು ಬಂದವರಿಗೆ, "ನಾಳೆ ಕುಡಿಯೋವಂತೆ. ನಾಳೀಕೂ ಅಂಗಡಿ ತೆಗ್ದಿರ್ತದೆ. ಇವತ್ತು ಟೀ ಕುಡಿ" ಎನ್ನುತ್ತಿದ್ದರು. ನನಗೆ ಮೊದಲ ಎರಡು ತಿಂಗಳಲ್ಲಿ ಈ ಮಾತನ್ನು ಹದಿನಾಲ್ಕು ಸಲ ಹೇಳಿದ್ದಾರೆ. ಅದರಲ್ಲಿ ನಾಲ್ಕು ಸಲ ನಾನು ಚಹಾ ಕುಡಿದೂ ಅಂಗಡಿಗೆ ಹೋದೆ. ನಾಲ್ಕನೆಯ ಸಲ ಬಂದು ಮುಖ ತಗ್ಗಿಸಿ ಕೂತಾಗಲೂ, "ಬಂದ್ಯಾ? ಕುರ್ಚಿ ಆಕು" ಎಂದರು, ಅಷ್ಟೇ.

ಒಂದು ಶನಿವಾರ ಜೋರು ಮಳೆ. ರಸ್ತೆಯೆಲ್ಲ ಮೊಣಕಾಲುದ್ದ ನೀರು. ನಾನು ಏಳೂ ಕಾಲಿಗೆ ತಲುಪಿದಾಗ ಹನ್ನೆರಡು ಕುರ್ಚಿಗಳ ನಡುವೆ ಅಣ್ಣ ಒಬ್ಬರೇ ಕೂತಿದ್ದರು. ಮಾತಾಡುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ತಮ್ಮ ಹೆಸರು ಹೇಳಿ, ತಾನೊಬ್ಬ ಕುಡುಕ ಎಂದು ಹೇಳಿ, ಆ ವಾರ ಷೆಡ್ಡಿನಲ್ಲಿ ಒಬ್ಬ ತನ್ನನ್ನು ರೇಗಿಸಿದ್ದನ್ನೂ ತನಗೆ ಬಂದ ಸಿಟ್ಟನ್ನೂ ಖಾಲಿ ಕುರ್ಚಿಗಳಿಗೆ ಪೂರ್ತಿ ಹೇಳಿ ಮುಗಿಸಿದರು.

"ಯಾರೂ ಇಲ್ವಲ್ಲ ಅಣ್ಣ," ಎಂದೆ.

"ನಾನಿದ್ನಲ್ಲ," ಎಂದರು.

ನನ್ನ ಲೆಕ್ಕದ ಚಟ ಅವರ ಕಣ್ಣಿಗೆ ಬೇಗ ಬಿತ್ತು. ನಾನು ಕೋಣೆಯ ಪ್ರತಿಯೊಬ್ಬರ ಕೊನೆಯ ಕುಡಿತದ ತಾರೀಕನ್ನೂ ಅವರವರ ಮಾತಿನಿಂದಲೇ ಹೆಕ್ಕಿ, ಡೈರಿಯ ಹಿಂಬದಿಯಲ್ಲಿ ಗೀಟು ಹಾಕಿ, ಯಾರಿಗೆ ಎಷ್ಟು ದಿನವಾಯಿತೆಂದು ಬರೆಯುತ್ತಿದ್ದೆ. ಒಂದು ದಿನ ಅಣ್ಣ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಏನಪ್ಪ ಇದು?"

"ಎಲ್ಲರ ದಿನದ ಲೆಕ್ಕ ಅಣ್ಣ. ವರ್ಷ ತುಂಬಿದಾಗ ಮರೆತು ಹೋಗಬಾರದಲ್ಲ."

"ನಿಂದು ಬರ್ಕೊ. ನಮ್ದೆಲ್ಲ ಯಾಕೆ?"

"ಯಾರಾದ್ರೂ ಬರೀಬೇಕಲ್ಲ."

"ಲೆಕ್ಕದಯ್ಯ ಕಣಪ್ಪ ನೀನು," ಎಂದು ನಕ್ಕರು. ಅಂದಿನಿಂದ ಕೋಣೆಯಲ್ಲಿ ನನ್ನ ಹೆಸರು ಲೆಕ್ಕದಯ್ಯ. ಅವರು ಬೇಡವೆಂದದ್ದನ್ನು ನಾನು ತಮಾಷೆ ಎಂದು ತಿಳಿದೆ. ಬರೆಯುವುದನ್ನು ಬಿಡಲಿಲ್ಲ.

ಅಣ್ಣ ಕೊನೆಯ ಸಲ ಕುಡಿದದ್ದು ೧೯೮೯ರ ಸೆಪ್ಟೆಂಬರ್ ೧೪ರಂದು. ನನ್ನ ಲೆಕ್ಕದಲ್ಲಿ ೧೯೯೬ರ ಸೆಪ್ಟೆಂಬರ್ ೧೪ಕ್ಕೆ ಏಳು ವರ್ಷ. ಎರಡು ಅಧಿಕ ವರ್ಷಗಳು ಸೇರಿ ಎರಡು ಸಾವಿರದ ಐನೂರ ಐವತ್ತೇಳು ದಿನ. ಶನಿವಾರವೇ ಬೀಳುತ್ತಿತ್ತು. ಕೋಣೆಯಲ್ಲಿ ಯಾರಿಗೂ ಅಷ್ಟು ದಿನ ಆಗಿರಲಿಲ್ಲ. ವರ್ಷ ತುಂಬಿದವರಿಗೆ ಕೇಕ್ ಕತ್ತರಿಸಿ ಒಂದು ಪದಕ ಕೊಡುವ ಪದ್ಧತಿ ನಮ್ಮಲ್ಲಿದೆ. ಹುಟ್ಟುಹಬ್ಬ ಎಂದೇ ಕರೆಯುತ್ತೇವೆ. ಈ ಸಲ ಹಾರ, ಶಾಲು, ಮನೆಯವರಿಗೆ ಆಹ್ವಾನ ಎಲ್ಲವೂ ಇರಲಿ ಎಂದು ನಾನೇ ಮುಂದೆ ನಿಂತೆ.

ಆಗಸ್ಟ್ ಕೊನೆಯಲ್ಲಿ ಅಣ್ಣನ ಒಡಹುಟ್ಟಿದ ಅಣ್ಣ ತೀರಿಕೊಂಡರು. ಹನ್ನೊಂದನೆಯ ದಿನದ ತಿಥಿ ಸೆಪ್ಟೆಂಬರ್ ೭ರಂದು. ಆ ಶನಿವಾರ ಅಣ್ಣ ಸಭೆಗೆ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಸಾವಿನ ಮನೆ, ಸಹಜ ಎಂದುಕೊಂಡೆವು. ಗುರುವಾರ ನಾನು ಚೊಕ್ಕಸಂದ್ರದ ಅವರ ಮನೆಗೆ ಹೋದೆ. ಅವರು ಇರಲಿಲ್ಲ. ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಬಾಗಿಲಲ್ಲೇ ನಿಂತು ಮಾತಾಡಿದರು. ಶನಿವಾರದ ವಿಷಯ ಹೇಳಿ, ನೀವೂ ಬರಬೇಕು ಎಂದೆ. ಅಕ್ಕ ಏನೋ ಹೇಳಲು ಬಾಯಿ ತೆರೆದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಆರ ಎಲ್ಲಾ ಆಕ್ತೀರಾ?" ಎಂದರು.

"ಹಾರ, ಶಾಲು, ಕೇಕು, ಎಲ್ಲಾ ಅಕ್ಕ. ಏಳು ವರ್ಷ ಅಂದ್ರೆ ಸಣ್ಣ ಮಾತಾ?"

"ಬತ್ತೀವಿ ಬುಡಪ್ಪ. ಕರ್ಕೊಂಡೇ ಬತ್ತೀನಿ."

ಗಣೇಶನ ಹಬ್ಬದ ಮುಂಚಿನ ಶನಿವಾರ ಅದು. ರಸ್ತೆಯಲ್ಲಿ ಪೆಂಡಾಲ್ ಕಟ್ಟುವವರ ಸುತ್ತಿಗೆ ಸದ್ದು. ಅಣ್ಣ ಆರು ಇಪ್ಪತ್ತಕ್ಕೆ ಬಂದರು. ತಿಥಿಗೆ ತಲೆ ಬೋಳಿಸಿದ್ದರಿಂದ ಬೇರೆ ಯಾರೋ ಎನಿಸಿತು. ಕಣ್ಣು ಕೆಂಪಾಗಿದ್ದವು. ದುಃಖ ಎಂದುಕೊಂಡೆ. ಎಂದಿನಂತೆ ಕುರ್ಚಿ ಜೋಡಿಸಲು ಹೋದವರನ್ನು ನಾವೆಲ್ಲ ತಡೆದು ಮಧ್ಯದಲ್ಲಿ ಕೂರಿಸಿದೆವು. ಟೀಚರ್ ಕೂರುವ ದೊಡ್ಡ ಕುರ್ಚಿ ತಂದಿದ್ದೆವು.

"ಅಲ್ಲಿ ಬ್ಯಾಡ. ಅದ್ರಾಗೆ ಕೂರಕ್ಕಿಲ್ಲ ನಾನು," ಎಂದರು. ಬಿಡಲಿಲ್ಲ.

ಚಹಾ ಬಂದಾಗ, "ನಂಗೆ ಅರ್ಧ ಸಾಕು," ಎಂದರು. ಹುಟ್ಟುಹಬ್ಬದ ದಿನ ಅರ್ಧವೇ ಎಂದು ನಾನು ತುಂಬಿ ಕೊಟ್ಟೆ. ಅವರು ಲೋಟವನ್ನು ಕೈಯಲ್ಲಿ ಹಿಡಿಯಲೇ ಇಲ್ಲ. ಪಕ್ಕದ ಮೇಜಿನ ಮೇಲೆ ಇಡು ಎಂದು ಕಣ್ಣಲ್ಲೇ ತೋರಿಸಿದರು. ಅದು ಅಲ್ಲೇ ಆರಿ ಕೆನೆ ಕಟ್ಟಿತು.

ಆ ಸಂಜೆಯ ಅಧ್ಯಕ್ಷತೆ ನನ್ನದು. ಶುರುವಾಗುವ ಮೊದಲು ಅಣ್ಣ ನನ್ನ ತೋಳು ಹಿಡಿದರು.

"ಲೆಕ್ಕದಯ್ಯ, ಮೊದ್ಲು ನಾನು ಒಂದ್ ಮಾತಾಡ್ಬೇಕು."

"ಇವತ್ತು ನಿಮ್ಮದು ಕೊನೇಲಿ ಅಣ್ಣ. ಎಲ್ಲರೂ ಮಾತಾಡಿದ ಮೇಲೆ ನೀವು."

"ಅಂಗಲ್ಲ ಕಣಪ್ಪ. ಒಂದೇ ಮಾತು."

"ಕೊನೇಲಿ ಅಣ್ಣ, ಕೊನೇಲಿ," ಎಂದು ಅವರ ಕೈಯನ್ನು ನಗುತ್ತಲೇ ಬಿಡಿಸಿಕೊಂಡೆ. ನನ್ನ ಬಳಿ ಕಾರ್ಯಕ್ರಮದ ಪಟ್ಟಿ ಇತ್ತು.

ಒಂಬತ್ತು ಜನ ಮಾತಾಡಿದರು. ಒಬ್ಬೊಬ್ಬರೂ ಅಣ್ಣನಿಂದ ತಾವು ಉಳಿದ ಕಥೆ ಹೇಳಿದರು. ಒಬ್ಬರು ಹೆಂಡತಿ ವಾಪಸು ಬಂದದ್ದನ್ನು, ಒಬ್ಬರು ಹೋಗಿದ್ದ ಕೆಲಸ ಸಿಕ್ಕಿದ್ದನ್ನು. ನಾನು ಎದ್ದು ನಿಂತು ಡೈರಿ ತೆರೆದು ಆ ಸಂಖ್ಯೆಯನ್ನು ಓದಿದೆ. ಎರಡು ಸಾವಿರದ ಐನೂರ ಐವತ್ತೇಳು. ಕೋಣೆ ಚಪ್ಪಾಳೆಯಿಂದ ತುಂಬಿತು. ಹೊಲಿಗೆ ತರಗತಿಯವರೂ ಬಂದು ಕಿಟಕಿಯಲ್ಲಿ ನಿಂತು ತಟ್ಟಿದರು. ಏಳು ಮೇಣದಬತ್ತಿ ಹಚ್ಚಿದೆವು. ಅಣ್ಣ ಅಂಗೈಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಅಕ್ಕ ಗೋಡೆಯ ಪಕ್ಕ ನೆಲ ನೋಡುತ್ತಿದ್ದರು.

ಕೊನೆಗೆ ಅಣ್ಣನ ಸರದಿ ಬಂತು. ಹಾರದ ಭಾರಕ್ಕೆಂಬಂತೆ ನಿಧಾನವಾಗಿ ಎದ್ದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲರೂ ನಗುತ್ತಿದ್ದೆವು.

"ನಂದೇನೂ ಇಲ್ಲ. ನೀವೆಲ್ಲ ಚೆನ್ನಾಗಿರಿ," ಎಂದು ಕೂತರು.

ವಿನಯ ಎಂದು ನಾವು ಮತ್ತೆ ಚಪ್ಪಾಳೆ ತಟ್ಟಿದೆವು.

ಅದಾದ ಮೇಲೆ ಅವರು ಶಿಶುವಿಹಾರಕ್ಕೆ ಬರಲಿಲ್ಲ. ಮಂಗಳವಾರ ಬರಲಿಲ್ಲ, ಶನಿವಾರ ಬರಲಿಲ್ಲ, ಮುಂದಿನ ಮಂಗಳವಾರವೂ ಇಲ್ಲ. ನಾನು ಮತ್ತೆ ಚೊಕ್ಕಸಂದ್ರಕ್ಕೆ ಹೋದೆ. ಈ ಸಲ ಅಕ್ಕ ಒಳಗೆ ಕರೆದು ಕೂರಿಸಿದರು.

"ಭಾವನ ತಿಥಿ ದಿವಸ ಶುರುವಾಯ್ತು ಕಣಪ್ಪ. ವಾರ ಪೂರ್ತಿ ಕುಡುದ್ರು. ನಿಮ್ಮ ಆ ಶನಿವಾರ ಬೆಳಿಗ್ಗಿಂದ ಮುಟ್ಟಿರ್ಲಿಲ್ಲ. ನಿಮ್ಮುನ್ನೆಲ್ಲ ಕಂಡು ಯೋಳ್ತೀನಿ, ಇವತ್ತಿಂದ ಮತ್ತೆ ಒಂದು ಅಂತ ಎಣಿಸ್ತೀನಿ ಅಂದ್ಕೊಂಡೇ ಒಂಟಿದ್ರು."

ಅಕ್ಕ ಸೆರಗಿನ ತುದಿಯನ್ನು ಮತ್ತೆ ಬೆರಳಿಗೆ ಸುತ್ತಿಕೊಂಡರು.

"ನೀನು ಬಂದಿದ್ಯಲ್ಲ ಗುರುವಾರ, ಆಗ್ಲೇ ನಾನು ಯೋಳ್ಬೇಕಿತ್ತು. ಯೋಳ್ನಿಲ್ಲ. ಆರ ಆಕುಸ್ಕೊಂಡ್ರೆ ಮರ್ವಾದೆಗಾದ್ರೂ ಬುಡ್ತಾರೇನೋ ಅಂತ ನಂಗಾಸೆ. ಮನೀಗೆ ಬಂದೋರು ಆ ಆರಾನ ಮೊಳೇಗೆ ಆಕುದ್ರು, ಅಂಗೇ ಆಚಿಗೋದ್ರು. ಕುಡ್ಕೊಂಡ್ ಬಂದ್ರು."

ಏಳು ವರ್ಷಕ್ಕೆ ಏಳು ದಿನ ಕಡಮೆ. ನಾನು ಆ ಸಂಖ್ಯೆಯನ್ನು ಓದಿದಾಗ ಅದು ಸುಳ್ಳಾಗಿ ಒಂದು ವಾರವಾಗಿತ್ತು. ಕೋಣೆಯಲ್ಲಿ ಅದು ಗೊತ್ತಿದ್ದವರು ಇಬ್ಬರೇ. ಒಬ್ಬರು ಹೇಳಬೇಕೆಂದು ಬಂದಿದ್ದರು. ನಾನು ಕೊನೆಗೆ ಎಂದೆ. ಕೊನೆಗೆ ಬರುವಷ್ಟರಲ್ಲಿ ಒಂಬತ್ತು ಜನರ ಬದುಕು ಅವರ ಕೊರಳಲ್ಲಿ ನೇತಾಡುತ್ತಿತ್ತು. ಆ ಹಾರದ ಕೆಳಗಿನಿಂದ ನಿಜ ಹೇಳುವುದು ಯಾರಿಗೆ ಸಾಧ್ಯ?

ಅಕ್ಟೋಬರ್ ೩೧ರಂದು ಜಾಲಹಳ್ಳಿ ಕ್ರಾಸಿನ ಬಸ್‌ಸ್ಟಾಪಿನಲ್ಲಿ ಅಣ್ಣ ಸಿಕ್ಕರು. ತಲೆಯಲ್ಲಿ ಕೂದಲು ಬೆಳೆದಿತ್ತು, ಬಿಳಿ. ಕೆನ್ನೆ ಒಳಸೇರಿತ್ತು. ನನ್ನನ್ನು ನೋಡಿ ಪಕ್ಕಕ್ಕೆ ತಿರುಗಿದರು. ಆಮೇಲೆ ತಾವೇ ಹತ್ತಿರ ಬಂದರು.

"ಏನ್ ಲೆಕ್ಕದಯ್ಯ, ಚೆನ್ನಾಗಿದ್ಯಾ?"

"ಚೆನ್ನಾಗಿದ್ದೀನಿ ಅಣ್ಣ. ನೀವು ಬರ್ಬೇಕು. ಎಲ್ಲಾ ಕೇಳ್ತಿರ್ತಾರೆ."

"ಕುರ್ಚಿ ಯಾರು ಆಕ್ತಾರೆ?"

"ನಾನೇ."

ತಲೆಯಾಡಿಸಿದರು. ಬಸ್ಸು ಬರುವ ದಿಕ್ಕನ್ನು ನೋಡುತ್ತ, "ನಿನ್ ಪುಸ್ತಕದಾಗೆ ಈಗ ನಂದು ಎಷ್ಟಾಯ್ತು?" ಎಂದರು.

ಇದನ್ನು ಬರೆಯುವುದು ನನಗೆ ಕಷ್ಟ. ಅಕ್ಕ ಹೇಳಿದ್ದೆಲ್ಲ ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಅಥವಾ ಇತ್ತೋ ಏನೋ. ಹಿರಿಯರ ಮಾನ ಕಾಯಬೇಕು, ನಡುಬೀದಿಯಲ್ಲಿ ಅವರನ್ನು ಚಿಕ್ಕವರನ್ನಾಗಿ ಮಾಡಬಾರದು ಎಂದು ಮನೆಯಲ್ಲಿ ಕಲಿತದ್ದು ಆ ಕ್ಷಣ ಬಾಯಿಗೆ ಬಂತು.

"ಎರಡು ಸಾವಿರದ ಆರುನೂರ ನಾಲ್ಕು ಅಣ್ಣ," ಎಂದೆ.

ರೆಪ್ಪೆಗೂದಲಿಲ್ಲದ ಆ ಕಣ್ಣುಗಳು ನನ್ನ ಮುಖದ ಮೇಲೆ ನಿಂತವು. ಕುಲುಮೆಯಲ್ಲಿ ಉಕ್ಕನ್ನು ಅವರು ಹೀಗೇ ನೋಡುತ್ತಿದ್ದಿರಬೇಕು.

"ಅಂಗಾರೆ ನೀನೂ ಸುಳ್ಳು ಬರಿಯಕ್ಕೆ ಕಲ್ತೆ," ಎಂದರು. ಸಿಟ್ಟಿನಿಂದಲ್ಲ. ಬಸ್ಸು ಬಂತು. ಹತ್ತಿಕೊಂಡರು. ನಾನು ಅವರನ್ನು ಜೀವಂತ ನೋಡಿದ್ದು ಅದೇ ಕೊನೆ.

ಮುಂದೆ ಮೂರು ತಿಂಗಳು ನಾನು ಅವರ ಮನೆಗೆ ಹೋಗಲಿಲ್ಲ. ಡೈರಿಯಲ್ಲಿ ಹೋಗಬೇಕು ಎಂದು ಆರು ಕಡೆ ಬರೆದಿದ್ದೇನೆ. ಫೆಬ್ರವರಿಯ ಒಂದು ಮಧ್ಯಾಹ್ನ ಷೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಾಗ ಎದೆ ಹಿಡಿದುಕೊಂಡು ಕೂತರಂತೆ, ಆಸ್ಪತ್ರೆ ತಲುಪಲಿಲ್ಲ.

ಹನ್ನೊಂದನೆಯ ದಿನ, ಭಾನುವಾರ, ಶಿಶುವಿಹಾರದಿಂದ ನಾವು ಐದು ಜನ ಹೋದೆವು. ಸಮಾಧಿಯ ಹತ್ತಿರ ನೆಂಟರಿಷ್ಟರು ಸೇರಿದ್ದರು. "ನೀವು ಯಾವ ಕಡೆಯವರು?" ಎಂದು ಯಾರೋ ಕೇಳಿದರು. ನಿಜ ಹೇಳುವಂತಿರಲಿಲ್ಲ. "ಶಿಶುವಿಹಾರದವರು," ಎಂದೆ. ಅವರು ನಮ್ಮ ಐವರ ಮೀಸೆಗಳನ್ನು ಅನುಮಾನದಿಂದ ನೋಡಿದರು.

ಬಾಳೆಯೆಲೆಯಲ್ಲಿ ಎಡೆ ಸಿದ್ಧವಾಗಿತ್ತು. ಮುದ್ದೆ, ಕೋಳಿ ಸಾರು, ಎಲೆಯಡಿಕೆ. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೆಲ್ಲ ಇಡುವುದು ಅವರ ಪದ್ಧತಿ. ಅಣ್ಣನ ಚಿಕ್ಕಪ್ಪನ ಮಗ ಜೇಬಿನಿಂದ ಒಂದು ಪ್ಯಾಕೆಟ್ ಸಾರಾಯಿ ತೆಗೆದು ಎಲೆಯ ಪಕ್ಕ ಇಡಲು ಬಗ್ಗಿದ.

ಅಕ್ಕ ಅವನ ಕೈ ಹಿಡಿದರು. "ಅದು ಬ್ಯಾಡ."

"ಅತ್ತಿಗೆ, ಎಡೆಗೆ ಇಡದಿದ್ರೆ ಎಂಗೆ? ಕುಡೀತಿದ್ದ ಜೀವ. ಆಸೆ ಉಳಿಸ್ಕೊಂಡು ಓಗ್ಬಾರ್ದು."

"ಭಾವನ ತಿಥೀಲೂ ಇದೇ ಇಟ್ರಿ. ಎಡೆ ತೆಗುದ್ ಮ್ಯಾಕೆ ಒಡಹುಟ್ಟಿದೋನು ನೀನೇ ಮೊದ್ಲು ಬಾಯಿಗಾಕ್ಕೊಬೇಕು, ಇಲ್ದಿದ್ರೆ ಸತ್ತೋನಿಗೆ ಮುಟ್ಟಕ್ಕಿಲ್ಲ ಅಂತ ಇವರ ಕೈಗೆ ಕೊಟ್ರಿ. ಒಂದ್ ಗುಟುಕು, ತೀರ್ಥ ಅಂದ್ಕೊ ಅಂದ್ರಿ. ನಾನು ಅಲ್ಲೇ ನಿಂತಿದ್ದೆ." ಅಕ್ಕನ ದನಿ ಏರಲಿಲ್ಲ. ಆಮೇಲೆ ಅವರು ನಮ್ಮ ಕಡೆ ತಿರುಗಿದರು. "ನೀವಾದ್ರೂ ಯೋಳಿ. ಇಡ್ಬೇಕಾ, ಬ್ಯಾಡ್ವಾ? ಮನೇಲಿ ಕುಡುದ್ದು ಕಾಣ್ನಿಲ್ಲ. ಆದ್ರೆ ಭಾನ್ವಾರ ಬಂತಂದ್ರೆ ಬೆಳಿಗ್ಗೆ ಏಳಕ್ಕೇ ಒಂಟೋಗೋರು. ಸಂಜೆ ಬರೋರು. ಎಲ್ಲೋಗಿದ್ರಿ ಅಂದ್ರೆ ಮಾತಾಡ್ತಿರ್ಲಿಲ್ಲ. ಬುಟ್ಟಿದ್ರಾ, ಇಲ್ವಾ?"

ಎಲ್ಲರೂ ನನ್ನನ್ನು ನೋಡಿದರು. ಎಲ್ಲರ ಲೆಕ್ಕ ಇಡುವವನು ನಾನು.

"ಬಿಟ್ಟಿತ್ತು ಅಮ್ಮಾ," ಎಂದರು ಹಿಂದಿನಿಂದ ಯಾರೋ.

ಎಪ್ಪತ್ತರ ಹತ್ತಿರದ ಮುದುಕರು. ಆಂಗ್ಲೋ ಇಂಡಿಯನ್. ಬಿಸಿಲಿಗೆ ಕೆಂಪಾದ ಮುಖ, ಇಸ್ತ್ರಿ ಮಾಡಿದ ಹಳೆಯ ಕೋಟು, ಕೈಯಲ್ಲಿ ಟೋಪಿ. ವೈಟ್‌ಫೀಲ್ಡಿನಿಂದ ಮೂರು ಬಸ್ಸು ಬದಲಿಸಿ ಬಂದಿದ್ದರು.

"ನಮ್ ಕಡೆ ಚರ್ಚ್ ಹಾಲ್‌ನಲ್ಲಿ ಸಂಡೇ ಮೀಟಿಂಗ್ ಇದೆ. ಇವರು ನವೆಂಬರ್ ಮೂರನೇ ತಾರೀಕು ಬಂತು. ಆಮೇಲೆ ಎಲ್ಲಾ ಸಂಡೇ ಬಂತು. ನಮ್ದು ಇಂಗ್ಲಿಷ್, ಇವರಿಗೆ ಇಂಗ್ಲಿಷ್ ಇಲ್ಲ. ನಂಗೆ ಮಾರ್ಕೆಟ್ ಕನ್ನಡ ಅಷ್ಟೇ. ಮೊದಲ ದಿನ ಎದ್ದು ನಿಂತು ಕನ್ನಡದಲ್ಲಿ ಹೇಳಿತು, ನಿನ್ನೆ ಕುಡಿದೆ, ಇವತ್ತು ಒಂದು. ಅದು ನಂಗೆ ಅರ್ಥ ಆಯ್ತು. ಹೋದ ಸಂಡೇ ಬರಲಿಲ್ಲ. ಫ್ಯಾಕ್ಟರಿಗೆ ಫೋನ್ ಮಾಡಿದೆ." ಅವರು ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. "ಕುಡೀಲಿಲ್ಲ ಅಮ್ಮಾ. ನಾನು ಪಕ್ಕದಲ್ಲೇ ಕೂತಿದ್ದೆ."

ನಾನು ಮನಸ್ಸಿನಲ್ಲೇ ಎಣಿಸಿದೆ. ಹದಿನಾಲ್ಕು ಭಾನುವಾರ. ತೊಂಬತ್ತಾರು ದಿನ. ಬಸ್‌ಸ್ಟಾಪಿನಲ್ಲಿ ನನ್ನನ್ನು ಕಂಡ ಮೂರನೆಯ ದಿನ ಅವರು ಊರಿನ ಈ ತುದಿಯಿಂದ ಆ ತುದಿಗೆ ಹೋಗಿ, ತನ್ನ ಭಾಷೆ ತಿಳಿಯದವರ ನಡುವೆ ನಿಂತು ಆ ಮಾತು ಹೇಳಿದ್ದರು. ತಿಳಿಯುವವರ ನಡುವೆ ಹೇಳಲು ಜಾಗವಿರಲಿಲ್ಲ.

ಅಕ್ಕ ಪ್ಯಾಕೆಟ್ಟನ್ನು ಮೈದುನನ ಕೈಗೇ ವಾಪಸು ಕೊಟ್ಟರು. ಅವನು ಜೇಬಿಗೆ ಹಾಕಿಕೊಂಡ. ಎಡೆಗೆ ಕೈ ಮುಗಿದೆವು.

ನಾನು ಈಗಲೂ ಮಂಗಳವಾರ, ಶನಿವಾರ ಕುರ್ಚಿ ಹಾಕುತ್ತೇನೆ. ಬೇರೆಯವರ ದಿನಗಳನ್ನು ಬರೆಯುವುದನ್ನು ಬಿಟ್ಟಿದ್ದೇನೆ. ಹುಟ್ಟುಹಬ್ಬದ ಪದ್ಧತಿಯನ್ನು ನಾವು ಬದಲಾಯಿಸಿದೆವು. ಯಾರ ಹುಟ್ಟುಹಬ್ಬವೋ ಅವರೇ ಎಲ್ಲರಿಗಿಂತ ಮೊದಲು ಮಾತಾಡಬೇಕು. ಅವರು ಮಾತು ಮುಗಿಸುವವರೆಗೆ ಕೇಕ್ ಹೊಲಿಗೆ ತರಗತಿಯಲ್ಲಿ ಇರುತ್ತದೆ. ಕೋಣೆಯೊಳಗೆ ಹಾರ, ಪದಕ ಯಾವುದೂ ಕಾಣುವಂತಿಲ್ಲ.

ಹೋದ ತಿಂಗಳು ಮೂರು ವರ್ಷ ತುಂಬಬೇಕಾಗಿದ್ದ ಒಬ್ಬ ಲೇತ್ ಕೆಲಸಗಾರ ಎದ್ದು ನಿಂತ. ನೆಲ ನೋಡಿದ, ಬಾಗಿಲು ನೋಡಿದ.

"ನಂಗೆ ಮೂರು ವರ್ಷ ಅಲ್ಲ ಸಾರ್. ನಾಲ್ಕು ದಿನ," ಎಂದ.

ಯಾರೋ ಸರಿದು ಅವನಿಗೆ ಪಕ್ಕದಲ್ಲಿ ಜಾಗ ಮಾಡಿದರು. ನಾನು ಹೋಗಿ ಕೇಕ್ ತಂದೆ. ಅವನೇ ಕತ್ತರಿಸಿದ, ಎಲ್ಲರೂ ತಿಂದೆವು. ಆ ಮಾತು ಹೇಳಲು ಅವನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಅಣ್ಣನಿಗೂ ಅಷ್ಟೇ ಸಾಕಿತ್ತು.